ತೂತು ಕೊಡ

ಹೊಳೆದಂಡೆಯ ಆ ಮಠಕ್ಕೆ ಜನ ಹುಚ್ಚು ಹಿಡಿದವರನ್ನು ತಂದು ಬಿಡುತ್ತಿದ್ದರು. ಹುಚ್ಚು ಹೌದೋ ಅಲ್ಲವೋ ಎಂದು ತಿಳಿಯಲು ಹಿಂದಿನವರು ಒಂದು ಪರೀಕ್ಷೆ ಇಟ್ಟು ಹೋಗಿದ್ದರು. ತೂತು ಕೊಡ ಕೊಟ್ಟು ಹೊಳೆಯ ನೀರು ತರಿಸುವುದು. ತೂತು ಕಂಡೂ ತರುತ್ತಲೇ ಇದ್ದರೆ ಹುಚ್ಚು. ಅಂಥವರ ಕಾಲಿಗೆ ಸರಪಳಿ.

ಗುರು ನಿರ್ವಾಣಯ್ಯನವರು, ಎಲ್ಲರ ಬಾಯಲ್ಲಿ ಅಜ್ಜಾರು, ಪರವೂರಿಗೆ ಹೋಗಿದ್ದಾಗ ಒಬ್ಬ ತನ್ನ ಬಾಣಂತಿ ಹೆಂಡತಿ ನೀಲವ್ವನನ್ನು ಕರೆತಂದ. ಹಡೆದಾಗಿನಿಂದ ಅಳುತ್ತಾಳೆ, ನಿದ್ದೆಯಿಲ್ಲ ಎಂದ.

ಶಿಷ್ಯ ಸೋಮಲಿಂಗ ಕೊಡ ಕೊಟ್ಟ. "ಈ ಹಂಡೆ ತುಂಬಸು, ಮನಿಗೆ ಕಳಸ್ತೀನಿ."

ಅವಳು ಹೊತ್ತು ಮುಳುಗುವವರೆಗೂ ಹೊತ್ತಳು.

"ಹುಚ್ಚು ಖರೇನ," ಎಂದ ಸೋಮಲಿಂಗ. ಗಂಡನಿಗೂ ಅಷ್ಟೇ ಬೇಕಿತ್ತೋ ಏನೋ, ಒಬ್ಬನೇ ಊರಿಗೆ ಹೊರಟ.

ತಿಂಗಳುಗಳು ಕಳೆದು ಗುರುಗಳು ಮರಳಿದರು.

"ಆಕಿನ್ನ ಯಾಕ ಕಟ್ಟೀ?"

"ತೂತು ಕೊಡದಾಗ ದಿನಪೂರ್ತಿ ನೀರು ಹೊತ್ತಳ್ರಿ ಅಜ್ಜಾರ."

"ಯಾಕ ಹೊತ್ತಿ ಅಂತ ಕೇಳಿದ್ಯಾ?"

"ಹುಚ್ಚರನ್ನ ಏನ್ ಕೇಳೂದ್ರಿ?"

ಗುರುಗಳು ಅದೇ ಕೊಡವನ್ನು ಅವನ ಕೈಗಿಟ್ಟರು. "ಹಂಡೆ ತುಂಬಸು."

ಹೊತ್ತು ಮುಳುಗಿತು. ಹಂಡೆಯ ತಳ ಒದ್ದೆಯಾಗಿತ್ತು, ಅಷ್ಟೇ.

"ತೂತು ಕಾಣಲಿಲ್ಲೇನು?"

"ಕಂಡಿತ್ರಿ. ನೀವು ಹೇಳಿದ್ರಿ, ಅದಕ್ಕ ತಂದೆ."

"ಈಗ ಹೋಗಿ ಆಕಿನ್ನ ಕೇಳು."

ನೀಲವ್ವ ತಲೆ ಎತ್ತಲಿಲ್ಲ. "ತುಂಬಸಿದ್ರ ಮನಿಗೆ ಕಳಸ್ತೀನಿ ಅಂದಿದ್ರಲ್ರೀ. ಕೂಸು ಹಸದಿರತೈತಿ."

ಸೋಮಲಿಂಗ ಅವಳ ಕಾಲಿನ ಸರಪಳಿ ಬಿಚ್ಚಿದ. ಬೆಳಗಾಗುತ್ತಲೇ ಅವಳನ್ನು ಗಂಡನ ಊರಿಗೆ ಕರೆದೊಯ್ದ.

ಗಂಡ ಬಾಗಿಲು ಅರ್ಧ ತೆರೆದ. ಹಿಂದೆ ಹೊಸ ಹೆಂಡತಿ ನಿಂತಿದ್ದಳು. ಕೂಸು ಅವಳ ಕಂಕುಳಲ್ಲಿತ್ತು.

"ನಂದು ತಪ್ಪಾತು. ಈಕಿಗೆ ಹುಚ್ಚಿಲ್ಲ," ಎಂದ ಸೋಮಲಿಂಗ.

"ಮಠದಾಗ ಸರಪಳಿ ಬಿದ್ದಾಕಿ. ಹುಚ್ಚಿಲ್ಲ ಅಂದ್ರ ಯಾರು ನಂಬ್ತಾರ?"

ನೀಲವ್ವ ಕೂಸಿಗೆ ಕೈ ಚಾಚಿದಳು. ಕೂಸು ಗುರುತು ಹಿಡಿಯದೆ ಹೆದರಿ ಅತ್ತಿತು. ಬಾಗಿಲು ಮುಚ್ಚಿತು.

ಮಠಕ್ಕೆ ಮರಳಿದ ಮೇಲೆ ಅವಳು, ಯಾರೂ ಹೇಳದೆಯೇ, ಆ ಕೊಡ ಎತ್ತಿಕೊಂಡು ಹೊಳೆಗಿಳಿದಳು. ತಂದಳು, ಸುರಿದಳು, ಮತ್ತೆ ಇಳಿದಳು. ಹೆಸರು ಹಿಡಿದು ಕರೆದರೂ ತಿರುಗಲಿಲ್ಲ.

ಸೋಮಲಿಂಗ ಅಳುತ್ತ ಗುರುಗಳ ಕಾಲು ಹಿಡಿದ. "ಅಜ್ಜಾರ, ಈಗ ಆಕಿಗೆ ಏನಾಗೇತ್ರಿ?"

"ಅವತ್ತ ನೀ ಏನ್ ಹೇಳಿದ್ದಿ, ಈಗ ಅದ ಆಗೇತಿ."