ಹರಿಗೋಲಿಗೆ ಎರಡನೆಯ ಹುಟ್ಟು

ಹೊಳೆದಂಡೆಯ ಮಠದಲ್ಲಿ ಕರಿಬಸವಜ್ಜ ಎಂಬ ಗುರುಗಳಿದ್ದರು. ಕುಡಿತ ಬಿಡಲಾರದವರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ವಯಸ್ಸಾದ ಮೇಲೆ ಅಜ್ಜ ಆ ಕೆಲಸವನ್ನು ಶಿಷ್ಯ ಅಡಿವೆಪ್ಪನಿಗೆ ವಹಿಸಿದರು.

ಅಡಿವೆಪ್ಪನ ಮನಸ್ಸು ಬೆಣ್ಣೆ, ನಾಲಿಗೆಗೆ ಮಾತ್ರ ಬಿಡುವಿಲ್ಲ. ಬಂದವರನ್ನು ಕೂರಿಸಿಕೊಂಡು ಬುದ್ಧಿ ಹೇಳಿದ್ದೇ ಹೇಳಿದ್ದು. ಕೊನೆಗೆ ಅಂಗೈಗೆ ವಿಭೂತಿ ಇಟ್ಟು ಆಣೆ ಮಾಡಿಸುತ್ತಿದ್ದ.

ಅಂಬಿಗ ಹುಲುಗಪ್ಪ ಹೀಗೆ ಮೂರು ಸಲ ಆಣೆ ಮಾಡಿದ, ಮೂರು ಸಲವೂ ಮುರಿದ. ಈಗ ಮಠದ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಇನ್ನೊಮ್ಮೆ ಕುಡಿದು ಜನರನ್ನು ದಾಟಿಸಿದರೆ ಹರಿಗೋಲು ಕಿತ್ತುಕೊಳ್ಳುತ್ತೇವೆ ಎಂದು ಊರ ಹಿರಿಯರು ಹೇಳಿಬಿಟ್ಟಿದ್ದರು.

ಅಡಿವೆಪ್ಪನಿಗೆ ಅನ್ನ ಸೇರಲಿಲ್ಲ. "ಅಜ್ಜಾರ, ಕುಡಿತ ಬಿಡಿಸಾಕ ಹೋಗಿ ಅವನನ್ನ ಸುಳ್ಳುಗಾರನ್ನ ಮಾಡಿಬಿಟ್ಟೆ."

ಅಜ್ಜ ಕೋಲು ಹಿಡಿದು ಎದ್ದರು. "ನಡಿ, ಆಚೆ ದಂಡಿಗೆ ಹೋಗಿ ಬರೂಣು."

ಬೆಳಗಿನ ಹೊತ್ತು. ಹುಲುಗಪ್ಪ ತಲೆ ತಗ್ಗಿಸಿಕೊಂಡೇ ಇಬ್ಬರನ್ನೂ ಹತ್ತಿಸಿಕೊಂಡ. ಸ್ವಲ್ಪ ದೂರ ಹೋದ ಮೇಲೆ ಅಜ್ಜ ಮೆಲ್ಲಗೆ ಕೇಳಿದರು, "ಕುಡಿದ್ರ ನಿನಗ ಏನು ಸಿಗತೈತಿ, ಹುಲುಗಪ್ಪ?"

ಇದೆಂಥ ಪ್ರಶ್ನೆ ಎಂದು ಅಡಿವೆಪ್ಪ ಕಣ್ಣು ಬಿಟ್ಟ.

ತೋಳಿನ ನೋವು ಮರೆಯುತ್ತದೆ, ನಿದ್ದೆ ಬರುತ್ತದೆ ಎಂದ ಹುಲುಗಪ್ಪ. ಅಜ್ಜ ಹೌದೆಂದು ತಲೆಯಾಡಿಸಿದರು. ಹುಲುಗಪ್ಪ ನಾಲ್ಕು ಸಲ ಹುಟ್ಟು ಹಾಕಿದ, ಆಮೇಲೆ ತಾನಾಗಿಯೇ ಬಾಯಿ ಬಿಟ್ಟ.

"ಮಕ್ಕಳು ಓದೋ ಸಾಲಿ ಆಚೆ ದಂಡ್ಯಾಗ ಐತ್ರಿ. ನನ್ನ ಮಗಳು ನನ್ನ ಹರಿಗೋಲು ಹತ್ತಂಗಿಲ್ಲ. ಸೇತುವೆ ಸುತ್ತಿಕೊಂಡು ನಡಕೊಂತ ಹೋಗ್ತಾಳ."

"ಅಪ್ಪನ ಹರಿಗೋಲು ಇದ್ದೂ ನಡಕೊಂತ ಹೋಗ್ತಾಳ," ಎಂದರು ಅಜ್ಜ.

ಹುಲುಗಪ್ಪ ತೋಳಿನಿಂದ ಕಣ್ಣೊರೆಸಿಕೊಂಡ. ಅಡಿವೆಪ್ಪನಿಗೆ ತಡೆಯಲಾಗಲಿಲ್ಲ. "ಅದಕ್ಕ ಹೇಳೋದು, ಇವತ್ತೇ ಬಿಟ್ಟುಬಿಡು!"

ಹುಲುಗಪ್ಪನ ಮುಖ ಗಂಟಾಯಿತು. ತಾನೇನು ಅಷ್ಟು ಕುಡಿಯುವುದಿಲ್ಲ, ಊರಲ್ಲಿ ಯಾರು ಕುಡಿಯುವುದಿಲ್ಲ ಎಂದು ವಾದಕ್ಕಿಳಿದ.

ಅಜ್ಜ ಕಾಲ ಬಳಿ ಬಿದ್ದಿದ್ದ ಇನ್ನೊಂದು ಹುಟ್ಟನ್ನು ಶಿಷ್ಯನ ಕೈಗೆ ಕೊಟ್ಟರು. "ನೀನೂ ಹಾಕು."

ಅಡಿವೆಪ್ಪ ಎದುರು ಕೂತು ಶಕ್ತಿಯೆಲ್ಲ ಹಾಕಿ ಎಳೆದ. ಹರಿಗೋಲು ನಿಂತಲ್ಲೇ ಗಿರಗಿರ ತಿರುಗತೊಡಗಿತು. ಅವನಿಗೆ ತಲೆ ಸುತ್ತು ಬಂತು.

ಹುಲುಗಪ್ಪ ನಕ್ಕೇಬಿಟ್ಟ. "ಇಟ್ಟುಬಿಡ್ರಿ ಸ್ವಾಮಿ. ನೀವು ಆ ಕಡೆ ಎಳೆದ್ರ ನಾನು ಈ ಕಡೆ ಎಳೀಬೇಕಾಗತೈತಿ."

ಅಡಿವೆಪ್ಪ ಹುಟ್ಟನ್ನು ಕೆಳಗಿಟ್ಟ. ನಾಚಿಕೆಯಾಗಿತ್ತು, ಬಾಯಿ ತೆರೆಯಲಿಲ್ಲ. ಅವನಿಗೆ ಅದು ಸಣ್ಣ ಕೆಲಸವಲ್ಲ.

ಹರಿಗೋಲು ಮತ್ತೆ ಆಚೆ ದಂಡೆಯ ಕಡೆ ಹೊರಟಿತು. ಅರ್ಧ ಹೊಳೆ ದಾಟಿದ ಮೇಲೆ ಹುಲುಗಪ್ಪ ನೀರು ನೋಡುತ್ತ ಹೇಳಿದ, "ಬಾಯಿ ವಾಸನೆ ಇಲ್ಲದಿದ್ರ ಹತ್ತತಾಳೇನೋ."

"ಕುಡೀದಂಗ ಇರಾಕ ನಿನ್ನಿಂದ ಎಷ್ಟು ಹೊತ್ತು ಆಗತೈತಿ ಅಂತ ಅನ್ನಿಸತೈತಿ?" ಎಂದು ಅಜ್ಜ ಕೇಳಿದರು.

"ನಾಳೆ ಬೆಳಗಿನ ತನಕ. ಅಷ್ಟು ಆಗತೈತ್ರಿ. ಸಾಲಿ ಹೊತ್ತಿಗೆ ದಂಡ್ಯಾಗ ನಿಂತಿರತೀನಿ."

ಅಡಿವೆಪ್ಪನ ಕೈ ಅಭ್ಯಾಸಬಲದಿಂದ ವಿಭೂತಿಯ ಚೀಲಕ್ಕೆ ಹೋಯಿತು. ಅಜ್ಜ ಆ ಕೈಯನ್ನು ಹಿಡಿದುಕೊಂಡು, ದಂಡೆಗೆ ಇಳಿಯುವವರೆಗೂ ಬಿಡಲಿಲ್ಲ.

ಹುಲುಗಪ್ಪ ದೂರ ಹೋದ ಮೇಲೆ ಶಿಷ್ಯ ಕೇಳಿದ, "ಆಣೆ ಇಲ್ಲ, ಏನಿಲ್ಲ. ರಾತ್ರಿ ಕುಡಿದುಬಿಟ್ಟರ, ಅಜ್ಜಾರ?"

"ಮತ್ತ ಅವನ ಹರಿಗೋಲೇ ಹತ್ತೂಣು," ಎಂದರು ಅಜ್ಜ. "ನೀನು ಹುಟ್ಟು ಮುಟ್ಟಬ್ಯಾಡ."