ಎರಡನೆಯ ವೈರ್

ಹೊಳೆ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿನ ಗುರು ಸಂಗವ್ವ. ಎಲ್ಲರಿಗೂ ಆಕೆ ಅವ್ವ.

ಆಕೆಯ ಶಿಷ್ಯ ಮೌನೇಶ. ಮೌನ ಹೆಸರಲ್ಲಿ ಮಾತ್ರ. ದಿನ ಬೆಳಗಾದರೆ ಅವನದು ಒಂದೇ ವರಾತ.

"ಅವ್ವಾ, ನನ್ನ ಕಳಿಸು. ಊರೂರಿಗೆ ಹೋಗಿ ಜನಾನ್ನ ಎಬ್ಬಸತೀನಿ. ಅವರ ಮುಂದ ನಿಂತು ನಡಸತೀನಿ."

"ಇನ್ನೂ ಇಲ್ಲ."

"ಮತ್ತ ಯಾವಾಗ?"

"ಮೊದಲು ಆ ಹಂಡೆ ತುಂಬಸು."

ಗೊಣಗುತ್ತ ತುಂಬಿಸುತ್ತಿದ್ದ. ಅರ್ಧ ನೀರು ನೆಲಕ್ಕೆ.

ಆಶ್ರಮದಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಯಾರೋ ಭಕ್ತರು ಕೊಟ್ಟದ್ದು. ಜೊತೆಗೆ ಎರಡು ಗೇಮ್ ಕಂಟ್ರೋಲರ್, ಎರಡಕ್ಕೂ ಉದ್ದನೆಯ ವೈರ್. ಕೆಲಸ ಮುಗಿದ ಮೇಲೆ ಆಡಲು ಅವ್ವನ ಅಡ್ಡಿ ಇರಲಿಲ್ಲ.

ಇದ್ದದ್ದು ಒಂದೇ ಆಟ. ಪರದೆಯ ಮೇಲೆ ಹೊಳೆ, ಹೊಳೆಯಲ್ಲಿ ದೋಣಿ. ಎಡದ ಹುಟ್ಟು ಒಬ್ಬ ಹಾಕಬೇಕು, ಬಲದ ಹುಟ್ಟು ಇನ್ನೊಬ್ಬ. ಬೇಕಿದ್ದರೆ ಎರಡನ್ನೂ ಒಬ್ಬನೇ ಹಾಕುವಂತೆಯೂ ಆಡಬಹುದಿತ್ತು.

ಮೌನೇಶನ ಜೋಡಿ ದ್ಯಾಮಣ್ಣ. ನಡುವಯಸ್ಸಿನವನು, ಆಶ್ರಮಕ್ಕೆ ಹೊಸಬ. ಕಲ್ಲು ಒಡೆದು ಬೆರಳು ದಪ್ಪಗಾಗಿದ್ದವು. ಕಂಟ್ರೋಲರ್ ಹಿಡಿದರೆ ನಾಲಿಗೆ ಹೊರಗೆ ಬರುತ್ತಿತ್ತು, ದೋಣಿ ಎಡಕ್ಕೆ ಹೊರಳಿದರೆ ಅವನೂ ಎಡಕ್ಕೆ ಹೊರಳುತ್ತಿದ್ದ. ದೋಣಿ ದಂಡೆ ಮುಟ್ಟಿದಾಗ ಅವನ ಕೂಗು ಅಡುಗೆಮನೆಗೆ ಕೇಳುತ್ತಿತ್ತು.

"ಹೊಡದ್ವಿ ನೋಡು!"

ಒಂದು ಸಂಜೆ ಅವ್ವ ಕಸ ಹೊಡೆಯುತ್ತ ಮೇಜಿನ ಕೆಳಗೆ ಬಗ್ಗಿದಳು. ಒಂದು ವೈರ್ ಕಂಪ್ಯೂಟರಿಗೆ ಹೋಗಿತ್ತು. ಇನ್ನೊಂದರ ತುದಿಯನ್ನು ಚಾಪೆಯ ಕೆಳಗೆ ಮುಚ್ಚಿಡಲಾಗಿತ್ತು.

ಮೇಲೆ ದ್ಯಾಮಣ್ಣ ಬೆವರು ಒರೆಸಿಕೊಳ್ಳುತ್ತ ಬಟನ್ ಒತ್ತುತ್ತಿದ್ದ.

ಅವನು ದನ ಕಟ್ಟಲು ಎದ್ದು ಹೋಗುವ ತನಕ ಅವ್ವ ಕಾದಳು. ಆಮೇಲೆ ವೈರಿನ ತುದಿಯನ್ನು ಮೌನೇಶನ ಮುಖದ ಮುಂದೆ ಹಿಡಿದಳು.

"ಇದೇನು?"

"ಅಯ್ಯ ಬೇ, ಅವನ ಕೈಗೆ ಕೊಟ್ಟರ ದೋಣಿ ಮಗಚತೈತಿ. ಬಟನ್ ಒತ್ತು ಅಂದ್ರ ಗುದ್ದತಾನ. ಅದಕ್ಕ ಎರಡೂ ಹುಟ್ಟು ನಾನ ಹಾಕತೀನಿ."

"ಅವಗ ಗೊತ್ತೇನು?"

"ಗೊತ್ತಾದ್ರ ತಾನೆ ಬ್ಯಾಸರ? ಅವನೂ ಖುಷಿ ಅದಾನ, ದೋಣಿನೂ ದಂಡಿ ಮುಟ್ಟತೈತಿ. ಯಾರಿಗೇನು ಲುಕ್ಸಾನ?"

ಅವ್ವ ಪೊರಕೆಯನ್ನು ಗೋಡೆಗೆ ಎಸೆದಳು. ತಾನೇ ಹೋಗಿ ಎತ್ತಿಕೊಂಡು ಬಂದಳು.

"ನಾಳೆ ಆಶ್ರಮ ನೀನ ನಡಸು."

ಮೌನೇಶ ಕಣ್ಣರಳಿಸಿದ. "ಖರೇನ?"

"ಖರೇ. ಸಂಜೀತನ ನಿನ್ನ ಮಾತ ಮಾತು."

ಮರುದಿನ ಮೌನೇಶ ಹೊಸ ಟವೆಲ್ ಹೆಗಲಿಗೆ ಹಾಕಿಕೊಂಡು ಅಡುಗೆಮನೆಗೆ ಹೋದ. ಅಡುಗೆ ಮಾಡುವ ಶರಣವ್ವ ಒಲೆ ಊದುತ್ತಿದ್ದಳು.

"ಇವತ್ತು ರೊಟ್ಟಿ, ಪುಂಡಿಪಲ್ಯ ಮಾಡು."

"ಆತಪಾ."

ರೊಟ್ಟಿ, ಪುಂಡಿಪಲ್ಯ ಬಂತು.

ತೋಟದವರಿಗೆ ಬದನೆ ಗಿಡಕ್ಕೆ ನೀರು ಬಿಡಲು ಹೇಳಿದ. "ಆತಪಾ." ನೀರು ಹರಿಯಿತು. ದನ ಹೊಳೆಗೆ ಹೊಡೆಯಲು ದ್ಯಾಮಣ್ಣನಿಗೆ ಹೇಳಿದ. "ಆತಪಾ." ದನ ಹೊಳೆಗೆ ಹೋದವು.

ಮಧ್ಯಾಹ್ನದ ಹೊತ್ತಿಗೆ ಮೌನೇಶನ ನಡಿಗೆಯೇ ಬದಲಾಗಿತ್ತು. ಕೈ ಬೆನ್ನ ಹಿಂದೆ ಹೋಗಿತ್ತು.

"ನೋಡಿದಿ ಅವ್ವಾ? ಹೆಂಗ ನಡದೈತಿ?"

ಅವ್ವ ಜೋಳದಲ್ಲಿ ಕಲ್ಲು ಆರಿಸುತ್ತಿದ್ದಳು. "ನೋಡಾಕತ್ತೀನಿ."

ಬಿಸಿಲು ಇಳಿದ ಮೇಲೆ ಮೌನೇಶ ಎಲ್ಲರನ್ನೂ ಅಂಗಳಕ್ಕೆ ಕರೆದ. "ದಿನಾ ಹೊಳಿ ದಂಡಿಗೆ ಕೂಡೂದು ಸಾಕು. ಇವತ್ತು ಬೇವಿನ ಗಿಡದ ಬುಡಕ್ಕ ಬರ್ರಿ. ನಾ ಮಾತಾಡಾಂವ ಅದೀನಿ."

"ಆತಪಾ," ಎಂದರು ಎಲ್ಲರೂ.

ಅವನು ಬೇವಿನ ಬುಡದ ಕಲ್ಲು ಹತ್ತಿ ನಿಂತ. ಗಂಟಲು ಸರಿಮಾಡಿಕೊಂಡ. ಟವೆಲ್ ಸರಿಮಾಡಿಕೊಂಡ. ಒಂದು ನಾಯಿ ಬಂದು ಮೂಸಿ ಹೋಯಿತು. ಹೊಳೆ ಕಡೆಯಿಂದ ಮಾತು, ನಗು ಕೇಳಿಸಿತು.

ಓಡಿದ. ಎಲ್ಲರೂ ದಿನದಂತೆ ದಂಡೆಯಲ್ಲೇ ಕೂತಿದ್ದರು. ದ್ಯಾಮಣ್ಣ ಸರಿದು ಅವನಿಗೆ ಜಾಗ ಮಾಡಿಕೊಟ್ಟ.

"ಅವ್ವಾ! ಒಬ್ಬರೂ ನನ್ನ ಮಾತು ಕೇಳವಲ್ಲರು!"

"ಮುಂಜಾನಿಂದ ಕೇಳ್ಯಾರಲ್ಲ. ರೊಟ್ಟಿ ಉಣಲಿಲ್ಲೇನು?"

ಶರಣವ್ವ ನಕ್ಕಳು. "ಪುಂಡಿ ನಿನ್ನೇನ ಸೋಸಿಟ್ಟಿದ್ದೆ ತಮ್ಮಾ. ನೀ ಹೇಳದಿದ್ರೂ ಅದ ಆಗತಿತ್ತು."

"ದನಕ್ಕ ಹೊಳಿ ದಾರಿ ಗೊತ್ತೈತೋ," ಎಂದ ದ್ಯಾಮಣ್ಣ.

"ಹಂಗಾರ ಆತಪಾ, ಆತಪಾ ಅಂದದ್ದು?"

"ನಾನ ಹೇಳಿದ್ದೆ," ಎಂದಳು ಅವ್ವ. "ಅಂವ ಏನಂದ್ರೂ ಆತಪಾ ಅನ್ರಿ, ನಿಮ್ಮ ಕೆಲಸ ನೀವು ಮಾಡ್ರಿ ಅಂತ."

"ಇಡೀ ದಿನ ನನ್ನ ಮಂಗ್ಯಾ ಮಾಡಿದ್ರಿ! ಇದು ಮೋಸ!"

"ನೀ ಖುಷಿ ಇದ್ದಿ. ಅಡಿಗಿ ಆತು, ಗಿಡಕ್ಕ ನೀರಾತು. ಯಾರಿಗೇನು ಲುಕ್ಸಾನ?"

ಮೌನೇಶ ದ್ಯಾಮಣ್ಣನ ಕಡೆ ನೋಡಿದ. ದ್ಯಾಮಣ್ಣ ಇನ್ನೂ ನಗುತ್ತಿದ್ದ. ಅವನಿಗೆ ವೈರಿನ ಸಂಗತಿ ಇನ್ನೂ ಗೊತ್ತಿರಲಿಲ್ಲ.

ಮೌನೇಶ ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಚಾಪೆ ಎತ್ತಿ ತೋರಿಸಿದ.

ದ್ಯಾಮಣ್ಣ ವೈರಿನ ತುದಿ ನೋಡಿದ. ಕಂಟ್ರೋಲರ್ ನೋಡಿದ. ತನ್ನ ಬೆರಳು ನೋಡಿಕೊಂಡ.

"ಮೊನ್ನೆ ಆ ಸುಳಿ ದಾಟಿಸಿದ್ದು?"

"ನಾನು."

"ಭೇಷ್ ಅಂತ ನನ್ನ ಬೆನ್ನು ಚಪ್ಪರಿಸಿದ್ದು?"

ಮೌನೇಶ ಎತ್ತಿದ ಚಾಪೆಯನ್ನು ಕೆಳಗೆ ಬಿಟ್ಟ.

"ಹೆಂಡತಿಗೆ ಫೋನ್ ಮಾಡಿ ಹೇಳೀನಲ್ಲೋ," ಎಂದ ದ್ಯಾಮಣ್ಣ. "ದೋಣಿ ನಡಸಾಕ ಕಲತೆ ಅಂತ."

ಎದ್ದು ಹೊರಗೆ ಹೋದ.

ಆಮೇಲೆ ಎಷ್ಟೋ ಸಂಜೆ ಅವನು ಆ ಕೋಣೆಗೆ ಬರಲಿಲ್ಲ. ಮೌನೇಶ ಇಬ್ಬರ ಆಟ ಆರಿಸಿಟ್ಟು ಒಬ್ಬನೇ ಕೂತಿರುತ್ತಿದ್ದ. ದೋಣಿ ನಿಂತಲ್ಲೇ ನಿಂತಿರುತ್ತಿತ್ತು. ಊರೂರಿಗೆ ಕಳಿಸು ಎಂದು ಅವ್ವನನ್ನು ಕೇಳುವುದಕ್ಕೂ ಬಾಯಿ ಬರಲಿಲ್ಲ.

ಒಂದು ಸಂಜೆ ದ್ಯಾಮಣ್ಣ ಬಾಗಿಲಲ್ಲಿ ನಿಂತ.

"ವೈರ್ ಹಾಕೀ ಏನು?"

"ನೀನ ಹಾಕು."

ದ್ಯಾಮಣ್ಣ ಮೇಜಿನ ಕೆಳಗೆ ತೂರಿ ತಾನೇ ಹಾಕಿದ. ಎರಡು ಸಲ ಎಳೆದು ನೋಡಿದ. ಬಂದು ಕೂತ.

ದೋಣಿ ಅಲ್ಲೇ ಗಿರಗಿರ ತಿರುಗಿ ಮಗುಚಿತು. ಮತ್ತೆ ಹತ್ತಿದರು. ಮತ್ತೆ ಮಗುಚಿತು. ಮೌನೇಶನ ಎಡಗೈ ದ್ಯಾಮಣ್ಣನ ಕಂಟ್ರೋಲರ್ ಕಡೆ ಹೋಯಿತು. ಅರ್ಧಕ್ಕೇ ಹಿಂದಕ್ಕೆ ತಂದುಕೊಂಡ.

"ಮೆಲ್ಲಗ, ಮೆಲ್ಲಗ, ಬಂಡೆ ಐತಿ..."

"ಬಾಯಿ ಮುಚ್ಚು! ನನಗೂ ಕಾಣತೈತಿ!"

ಬಂಡೆಗೇ ಹೊಡೆದರು. ಆ ಸಂಜೆ ದಂಡೆ ಸಿಗಲೇ ಇಲ್ಲ. "ನಾಳೆ," ಎಂದ ದ್ಯಾಮಣ್ಣ, ಕಂಟ್ರೋಲರ್ ಕೆಳಗಿಡದೆ.

ಅವ್ವ ಪೊರಕೆ ಹಿಡಿದು ಬಾಗಿಲಿಗೆ ಬಂದಳು.

ಮೌನೇಶ ಎದ್ದು ನಿಂತ. "ಅವ್ವಾ, ನಾ ಇನ್ನ ಊರೂರಿಗೆ ಹೋಗಬಹುದೇನು?"

"ಅದನ್ನ ನನ್ನ ಯಾಕ ಕೇಳತಿ?" ಎಂದಳು ಅವ್ವ. "ದ್ಯಾಮಣ್ಣನ್ನ ಕೇಳು."