ಪಾತ್ರೆ ವ್ಯಾಪಾರಿಯ ದುರ್ಬೀನು

"ಗುರುಗಳೇ, ಆಕಾಶ ನೋಡುವುದನ್ನು ಈಗಷ್ಟೇ ಶುರುಮಾಡುವವನು ಮೊದಲಿಗೆ ಯಾವ ದೂರದರ್ಶಕ ಕೊಳ್ಳಬೇಕು?"

ಶಿಷ್ಯ ಇದನ್ನು ಕೇಳಿದ್ದು ಮೊದಲ ಸಲವಲ್ಲ. ಹಿಂದೆಯೂ ಕೇಳಿದ್ದ. ಕೇಳಿ, ಉತ್ತರಕ್ಕೂ ಕಾಯದೆ, ಕನ್ನಡಿಯದು ಮೇಲೋ ಮಸೂರದ್ದು ಮೇಲೋ ಎಂದು ತಾನೇ ವಾದ ಹೂಡಿ, ತಾನೇ ಸೋತು ಎದ್ದು ಹೋಗಿದ್ದ. ಈಗ ಮತ್ತೆ ಬಂದಿದ್ದಾನೆ. ಕೂತಲ್ಲಿ ಕೂರಲಾರ. ಕೈಯಲ್ಲಿ ಮೊಬೈಲು, ಅದರ ತುಂಬ ದೂರದರ್ಶಕಗಳ ಚಿತ್ರ.

"ಮೊದಲು ಆ ಫೋನು ಕೆಳಗಿಡು," ಎಂದರು ಗುರುಗಳು. "ನಿನ್ನನ್ನು ನೋಡುತ್ತಿದ್ದರೆ ನನಗೇ ತಲೆ ತಿರುಗುತ್ತದೆ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಿದೆಯೋ, ಎದ್ದು ಹೋಗುತ್ತೇನೆ."

ಶಿಷ್ಯ ಫೋನು ಕೆಳಗಿಟ್ಟ. ಗುರುಗಳು ಹೇಳತೊಡಗಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಹಿತ್ತಾಳೆ, ತಾಮ್ರ, ಕಂಚು ಮಾರುತ್ತಿದ್ದ. ಅವನ ಅಂಗಡಿಯ ಕೊಡ ಸೋರಿತು ಎಂದವರು ಊರಲ್ಲಿ ಒಬ್ಬರೂ ಇರಲಿಲ್ಲ. ಮಾಲು ಬಂದ ಕೂಡಲೇ ಒಂದೊಂದನ್ನೂ ಎತ್ತಿ, ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳುತ್ತಿದ್ದ. ಬೆಳಕಿಗೆ ಹಿಡಿದು ಒಳಗೆ ಕಣ್ಣಿಟ್ಟು ನೋಡುತ್ತಿದ್ದ. ಸದ್ದು ಒಡಕಾಗಿದ್ದರೆ, ಸೂಜಿಮೊನೆಯಷ್ಟು ಬೆಳಕು ತೂರಿದರೆ, ಬಂದ ಗಾಡಿಯಲ್ಲೇ ವಾಪಸು. ಜನ ಹೊಗಳುತ್ತಿದ್ದರು. ಹೊಗಳಿಕೆ ಸ್ವಲ್ಪ ತಲೆಗೂ ಏರಿತ್ತು ಅನ್ನು.

ಅವನಿಗೊಬ್ಬಳು ಅಕ್ಕ ಇದ್ದಳು. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಸಾಕಿದವಳು ಅವಳೇ. ಅವಳ ಗಂಡ ಬೇಗ ತೀರಿಕೊಂಡ. ಹುಟ್ಟಿದ ಮಗು ಉಳಿಯಲಿಲ್ಲ. ಅವಳಿಗೆ ಏನೇ ಕೆಟ್ಟದ್ದಾದರೂ ಸುತ್ತಲಿನವರು ಶನಿಕಾಟ ಎನ್ನುತ್ತಿದ್ದರು. ಅವಳೂ ಶನಿವಾರ ತಪ್ಪದೆ ಎಳ್ಳೆಣ್ಣೆ ದೀಪ ಹಚ್ಚುತ್ತ ಬಂದಳು. ವಯಸ್ಸಾಗುತ್ತಿದ್ದಂತೆ ತಮ್ಮನ ಮನೆಯಲ್ಲೇ ಉಳಿದಳು. ಅಲ್ಲಿಗೆ ಬಂದ ಮೇಲೆ ಕಣ್ಣು ಮಂಜಾಗತೊಡಗಿತು. ವೈದ್ಯರು ಪರೀಕ್ಷಿಸಿ, "ಕಣ್ಣಿನ ನರ ಒಣಗುತ್ತಿದೆ. ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಉಳಿದದ್ದು ಎಷ್ಟು ದಿನವೋ ಹೇಳಲಾಗದು," ಎಂದುಬಿಟ್ಟರು.

ಅಕ್ಕ ಅಳಲಿಲ್ಲ. ಮನೆಗೆ ಬಂದು ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ನೋಡಪ್ಪ, ಜನ್ಮವೆಲ್ಲ ನನ್ನನ್ನ ಕಾಡಿದ ಅಂತಾರಲ್ಲ, ಆ ಶನಿಮಹಾತ್ಮನನ್ನ ಒಂದ್ಸಲ ನೋಡಬೇಕು ಕಣೋ. ಅವನ ಸುತ್ತ ಉಂಗುರ ಇದೆಯಂತೆ. ದುರ್ಬೀನಲ್ಲಿ ಕಾಣುತ್ತಂತೆ. ಅಷ್ಟು ಚೆಂದ ಸಿಂಗಾರ ಮಾಡ್ಕೊಂಡವನು ಅಷ್ಟೊಂದು ಕೆಟ್ಟವನಾಗಿರ್ತಾನಾ? ಕಣ್ಣು ಹೋಗೋದ್ರೊಳಗೆ ನಾನೇ ನೋಡಿ ತಿಳ್ಕೋಬೇಕು."

"ಅಷ್ಟೇ ತಾನೇ ಅಕ್ಕ! ತರಿಸ್ತೀನಿ ಬಿಡು. ನಿನಗೆ ಅಂದಮೇಲೆ ಒಂದು ಕುಂದೂ ಇಲ್ಲದ್ದನ್ನೇ ತರಿಸ್ತೀನಿ," ಎಂದ ತಮ್ಮ.

ಅಲ್ಲೇ ಎಡವಿದ ನೋಡು. ಪ್ರೀತಿಯಿಂದಲೇ ಎಡವಿದ, ಆದರೂ ಎಡವಿದ.

ಮೊದಲು ಒಂದು ಚಿಕ್ಕ ದುರ್ಬೀನು ಬಂತು. ಸಂಜೆಯವರೆಗೆ ಕಾಯುವ ತಾಳ್ಮೆ ಅವನಿಗೆಲ್ಲಿ? ಹಾಡಹಗಲೇ ಮಾಳಿಗೆಗೆ ಒಯ್ದು ಊರಾಚೆಯ ನೀರಿನ ಟ್ಯಾಂಕಿನ ಕಡೆ ತಿರುಗಿಸಿದ. ಟ್ಯಾಂಕು ತಲೆಕೆಳಗಾಗಿ ಕಂಡಿತು. "ಥೂ, ಇದೆಂಥ ಮಾಲು!" ಎಂದು ವಾಪಸು ಕಳಿಸಿದ. ಅಯ್ಯಾ, ಆಕಾಶ ನೋಡುವ ದುರ್ಬೀನು ತೋರಿಸುವುದೇ ಹಾಗೆ. ಶನಿಗೆ ತಲೆ ಯಾವುದು, ಕಾಲು ಯಾವುದು? ಆದರೆ ಅವನು ಯಾರನ್ನು ಕೇಳಬೇಕು, ಊರಿಗೆಲ್ಲ ಮಾಲು ಪರೀಕ್ಷಿಸಿ ಕೊಡುವವನೇ ಅವನು!

ಇನ್ನೊಂದು ಬಂತು. ಈ ಸಲ ಕತ್ತಲಾಗುವವರೆಗೆ ತಡೆದುಕೊಂಡ. ಎದುರಿಗಿದ್ದ ಒಂದು ನಕ್ಷತ್ರಕ್ಕೆ ಗುರಿಯಿಟ್ಟ. ಬರಿಗಣ್ಣಿಗೆ ಚುಕ್ಕೆಯಾಗಿದ್ದದ್ದು ದುರ್ಬೀನಿನಲ್ಲೂ ಚುಕ್ಕೆಯೇ. ನಕ್ಷತ್ರಗಳು ಇರುವ ದೂರಕ್ಕೆ ಎಂಥ ದುರ್ಬೀನಿನಲ್ಲೂ ಅವು ಚುಕ್ಕೆಗಳೇ ಎಂಬುದು ಅವನಿಗೇನು ಗೊತ್ತು? ಅದೂ ವಾಪಸು. ಅದನ್ನೇ ಒಂದಿಷ್ಟು ಪಕ್ಕಕ್ಕೆ ಹೊರಳಿಸಿದ್ದರೆ ಶನಿ ಅಲ್ಲೇ ಇದ್ದ. ಇವನು ಮಾಲು ನೋಡುತ್ತಿದ್ದನೇ ಹೊರತು ಆಕಾಶ ನೋಡುತ್ತಿರಲಿಲ್ಲ.

ಆಮೇಲೆ ಬಂದದ್ದನ್ನು, ಅದು ನಿಲ್ಲುವ ಕಾಲು ಅಲುಗಾಡುತ್ತದೆ ಎಂದು ಕಳಿಸಿದ. ಅದರ ಆಮೇಲೆ ಕನ್ನಡಿ ಇರುವಂಥದ್ದು ಬಂತು. ಅದನ್ನು ಏನು ಮಾಡಿದ ಅಂತೀಯ? ಪುಣ್ಯಾತ್ಮ, ಕೊಡ ಬಡಿದ ಹಾಗೆ ಗೆಣ್ಣಿನಿಂದ ಬಡಿದು ನೋಡಿದ! ಒಳಗಿನ ಕನ್ನಡಿ ಜರುಗಿತು. ಕಾಣುವುದೆಲ್ಲ ಮಸುಕಾಯಿತು. ಮಸುಕು ಎಂದು ಅದನ್ನೂ ಕಳಿಸಿದ.

ಅವನಿಗೆ ಊಟ ರುಚಿಸದು. ಗಿರಾಕಿ ಎದುರಿಗೆ ನಿಂತಿದ್ದರೂ ಮನಸ್ಸು ಮುಂದಿನ ದುರ್ಬೀನಿನ ಮೇಲೆ. ಒಂದು ಆಯ್ದ ಮರುಗಳಿಗೆಯೇ ಅದಕ್ಕಿಂತ ಒಳ್ಳೆಯದು ಇನ್ನೆಲ್ಲೋ ಇದೆಯೇನೋ ಎಂಬ ಸಂಕಟ. ಅಕ್ಕ ಆಗೀಗ ಕೇಳುವಳು, "ಬಂತೇನಪ್ಪ?"

"ಇದಕ್ಕಿಂತ ಚೆನ್ನಾಗಿರೋದು ಬರ್ತಿದೆ, ತಡಿ ಅಕ್ಕ."

ಅವಳು ತಡೆದಳು. ನಡುವೆ ಶನಿ ಸೂರ್ಯನ ಹಿಂದೆ ಮರೆಯಾಗಿ, ತಿಂಗಳುಗಳ ಮೇಲೆ ಸಂಜೆಯ ಆಕಾಶಕ್ಕೆ ಮತ್ತೆ ಬಂದ. ಅಷ್ಟರಲ್ಲಿ ಅಕ್ಕ ದೀಪ ಹಚ್ಚುವಾಗ ಬತ್ತಿಯನ್ನು ಬೆರಳಿನಿಂದ ತಡವಿ ಹುಡುಕತೊಡಗಿದ್ದಳು. ಅದು ಮನೆಯವರಿಗೆಲ್ಲ ಕಂಡಿತು. ಸೂಜಿಮೊನೆಯಷ್ಟು ತೂತು ಹಿಡಿಯುವ ಇವನಿಗೆ ಮಾತ್ರ ಕಾಣಲಿಲ್ಲ.

ಕಡೆಗೆ ಒಂದು ಭಾರಿ ದುರ್ಬೀನು ಬಂತು. ಆಳುಗಳು ಹೊತ್ತು ಮಾಳಿಗೆಗೆ ಏರಿಸಿದರು. ಅದರಲ್ಲಿ ಹುಡುಕಿದರೂ ಕುಂದಿರಲಿಲ್ಲ. ಕತ್ತಲು ಕವಿಯುತ್ತಿದ್ದಂತೆ ಶನಿ ಸಿಕ್ಕ. ಉಂಗುರ ಕೊರೆದಿಟ್ಟಂತೆ ಕಂಡಿತು. ವ್ಯಾಪಾರಿಗೆ ಮೈ ಜುಂ ಎಂದಿತು. "ಅಕ್ಕಾ! ಅಕ್ಕಾ!" ಎಂದು ಕೂಗುತ್ತ ಕೆಳಗೆ ಓಡಿದ. ಅವಳ ಕೈಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿ ಕರೆತಂದ. ಅವಳ ಮುಖವನ್ನು ತಾನೇ ಮೆಲ್ಲಗೆ ಬಾಗಿಸಿ ದುರ್ಬೀನಿಗೆ ಕಣ್ಣಿಡಿಸಿದ.

ಅಕ್ಕ ಬಹಳ ಹೊತ್ತು ನೋಡಿದಳು. "ಅಯ್ಯೋ, ಎಷ್ಟು ಚೆಂದ ಇದಾನೋ! ಉಂಗುರ ಹೆಂಗೆ ಹೊಳೀತಿದೆ! ಇವನನ್ನಾ ನಾವೆಲ್ಲ ಬೈದಿದ್ದು? ನನ್ನ ಆಸೆ ತೀರಿತಪ್ಪ, ನೀನು ತಣ್ಣಗಿರು," ಎಂದಳು.

ತಮ್ಮ ಹಿಗ್ಗಿಹೋದ. ತಾನೂ ಇನ್ನೊಮ್ಮೆ ನೋಡೋಣವೆಂದು ಕಣ್ಣಿಟ್ಟ. ಒಳಗೆ ಶನಿ ಇರಲಿಲ್ಲ. ಬರೀ ಕತ್ತಲಿತ್ತು.

ಭೂಮಿ ತಿರುಗುತ್ತಿದೆಯಲ್ಲ! ಅಷ್ಟು ದೊಡ್ಡದಾಗಿ ತೋರಿಸುವ ದುರ್ಬೀನನ್ನು ಇಟ್ಟಲ್ಲೇ ಬಿಟ್ಟರೆ ಗ್ರಹ ನೋಡನೋಡುತ್ತಲೇ ಸರಿದುಹೋಗುತ್ತದೆ. ಹೊಸಬನಾದ ಅವನಿಗೆ ಅದು ತಿಳಿಯದು. ಅವನು ಕೆಳಗಿಳಿದು ಅಕ್ಕನನ್ನು ಕರೆತರುವಷ್ಟರಲ್ಲಿ ಶನಿ ಯಾವಾಗಲೋ ಹೋಗಿದ್ದ. ಅಕ್ಕ ಕಣ್ಣಿಟ್ಟದ್ದು ಬರೀ ಕತ್ತಲಿಗೆ. ಅವಳಿಗೆ ಈಗ ಎಲ್ಲ ಕಡೆಯೂ ಕಾಣುತ್ತಿದ್ದದ್ದು ಅದೇ. ತಮ್ಮನ ಮನಸ್ಸು ನೋಯದಿರಲಿ ಎಂದು ಅವಳು ಆ ಉಂಗುರವನ್ನು ಬಾಯಲ್ಲೇ ಕಟ್ಟಿ ಹೇಳಿದ್ದಳು.

ವ್ಯಾಪಾರಿ ದುರ್ಬೀನಿನಿಂದ ಕಣ್ಣು ತೆಗೆದ. ತಿರುಗಿ ನೋಡಿದ. ಅಕ್ಕ ನಗುತ್ತ ನಿಂತಿದ್ದಳು. ಅವಳ ಮುಖ ಅವನು ಇಲ್ಲದ ಕಡೆಗಿತ್ತು.

"ಹೌದಕ್ಕ," ಎಂದ. "ತುಂಬಾ ಚೆನ್ನಾಗಿದೆ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ಒದ್ದೆಯಾಗಿತ್ತು. ಆದರೆ ಬಂದ ಚಡಪಡಿಕೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

"ತಪ್ಪು ತಿಳಿಯಬೇಡಿ ಗುರುಗಳೇ. ಚಿಕ್ಕ ದೂರದರ್ಶಕದಲ್ಲಿ ಶನಿಯ ಉಂಗುರ ನಿಜಕ್ಕೂ ಕಾಣುತ್ತದೆಯೇ?"

"ಆ ಮೊದಲನೆಯದರಲ್ಲೇ ಅವನ ಅಕ್ಕನಿಗೆ ಕಾಣುತ್ತಿತ್ತು," ಎಂದರು ಗುರುಗಳು.